ಜಾಲಿ ಕಂಟಿ ತೆಗಿಯಾಕ ಲೋಡರ್‌ಗೆ ಯಾವ ಬಕೆಟ್? ನನ್ನ ಅನುಭವ

ಅಣ್ಣಾರ, ಲಕ್ಷ್ಮೇಶ್ವರ ಕಡೆ 4 ಎಕರೆ ಹೊಲ 8 ವರ್ಷ ಬೀಳು ಬಿದ್ದು ಬಳ್ಳಾರಿ ಜಾಲಿ ತುಂಬೈತಿ, 50 ಎಚ್‌ಪಿ ಟ್ರ್ಯಾಕ್ಟರ್‌ಗೆ ಲೋಡರ್ (ಮುಂದ ಬಕೆಟ್ ಎತ್ತೂ ತೋಳು) ಐತಿ, ಹಲ್ಲಿನ ಬಕೆಟ್ ತಗೊಳ್ಳೋದೋ ಗ್ರ್ಯಾಪಲ್ (ದವಡಿಯಿಂದ ಕಂಟಿ ಹಿಡದು ಎತ್ತೂದು) ತಗೊಳ್ಳೋದೋ ಅಂತ ಕೇಳೀರಿ. ಮ್ಯಾಲ ಉತ್ತರ ಕೊಟ್ಟವರು ಎಲ್ಲಾರೂ ಗ್ರ್ಯಾಪಲ್ ಅಂದಾರ. ನಾ ಹಂಗ ಅನ್ನೂದಿಲ್ರಿ. ಮೊದಲ ಬಕೆಟ್ ಬಾಯಿಗೆ ಹಾಕೂ ಹಲ್ಲಿನ ಪಟ್ಟಿ, ಆಮ್ಯಾಲ ಬೇಕಾದ್ರ ಕಂಟಿ ಗುಂಪಿ ಹಾಕೂ ರೇಕ್, ಗ್ರ್ಯಾಪಲ್ ಕಡೀಕ.

ನಾ ಮೊದಲನೇ ವರ್ಷ ಮಾಡಿದ ತಪ್ಪು ಹೇಳತೀನಿ. ಅಣ್ಣಿಗೇರಿ ಹತ್ರ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಾಗ 2 ಎಕರೆ ಕಂಟಿ ಬೆಳದಿತ್ತು, ಲೋಡರ್ ಜೋಡಿ ಬಂದಿದ್ದ ಸಪಾಟ ಬಕೆಟ್‌ನಿಂದನ ದೂಡಿದೆ. ಎರಡು ದಿನದಾಗ ಹೊಲ ಬಯಲಾತು, ಖುಷಿ ಆತು, ಆದ್ರ ಬದುವಿನ ಕಡೆ ಹೋಗಿ ನೋಡಿದ್ರ ಗುಂಪಿಯೊಳಗ ಕಂಟಿಗಿಂತ ಮಣ್ಣ ಜಾಸ್ತಿ, ಮ್ಯಾಲಿನ ನಾಕ ಬೆರಳು ಛಲೋ ಮಣ್ಣು ಎಲ್ಲಾ ಕೆರಕೊಂಡು ಹೋಗಿ ಅಲ್ಲಿ ಕುಂತಿತ್ತು. ಬೊಡ್ಡಿ ನೆಲದ ಸಮಕ್ಕ ಮುರದಿದ್ವು, ಬೇರು ಒಳಗ ಹಂಗ ಉಳದಿತ್ತು. ಎರಡು ಮಳಿ ಬಿದ್ದ ಕೂಡ್ಲೇ ಒಂದೊಂದು ಬೊಡ್ಡಿಗೆ ಐದಾರು ಚಿಗುರು! ಬಳ್ಳಾರಿ ಜಾಲಿ ಗುಣಾನ ಅದು, ಮ್ಯಾಲ ಕಡದಷ್ಟೂ ಬೊಡ್ಡಿಯಿಂದ ಒಡೀತೈತಿ, ನೆಲದ ಕೆಳಗ ಗೇಣಷ್ಟರ ಇಳದು ಬೊಡ್ಡಿ ಸಮೇತ ಕಿತ್ತರ ಮಾತ್ರ ಹೋಗತೈತಿ. ಅದಕ್ಕ ಯಾವ ಬಕೆಟ್ ನೋಡಿದ್ರೂ ಎರಡ ಕೇಳ್ರಿ, ಇದರಿಂದ ಬೊಡ್ಡಿ ಎದ್ದು ಬರತೈತೇನು, ಮಣ್ಣು ಹೊಲದಾಗ ಉಳೀತೈತೇನು.

ಹಲ್ಲಿನ ಪಟ್ಟಿ ಅಂದ್ರ ಬ್ಯಾರೆ ಬಕೆಟ್ ಅಲ್ಲ, ಈಗಿರೋ ಬಕೆಟ್ ಬಾಯಿಗೆ ಬೋಲ್ಟ್ ಹಾಕಿ ಕೂಡ್ರಸೂದು, ಗರಸು ತುಂಬಾಕ, ನೆಲ ಸಮ ಮಾಡಾಕ ಬೇಕಾದಾಗ ಬಿಚ್ಚಿ ಇಡಬಹುದು. ಖರ್ಚು ಕಡಿಮಿ, ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಫ್ಯಾಬ್ರಿಕೇಶನ್ ಮಾಡೋರನ್ನ ವಿಚಾರಸ್ರಿ, ಹಲ್ಲು ಸವದಾಗ ಬದಲಿ ಹಾಕೂವಂಗ ಇರಲಿ, ನೇರ ವೆಲ್ಡಿಂಗ್ ಮಾಡಸಬ್ಯಾಡ್ರಿ. ಕೀಳೂದು ಹೆಂಗಂದ್ರ, ಲೋ ಗೇರ್ ಹಾಕಿ ಹಲ್ಲು ಕೆಳಗ ಬಗ್ಗಿಸಿ ಬೊಡ್ಡಿ ಬುಡದಾಗ ಸಾವಕಾಶ ಹೊಗಸ್ರಿ, ಆಮ್ಯಾಲ ದೂಡೂದ ಬಿಟ್ಟು ಬಕೆಟ್ ಹಿಂದಕ್ಕ ಮಡಚ್ರಿ. ಮಡಚೂ ಸಿಲಿಂಡರ್ ಮಾಡೋ ಕೆಲಸ ಗಾಲಿ ದೂಡೂದ್ರಿಂದ ಆಗೂದಿಲ್ಲ. ಮುಂಗೈ ದಪ್ಪ ಇರೋ ಗಿಡ ಹಿಂಗ ಬರತಾವ. ತೊಡಿ ದಪ್ಪ ಆಗಿದ್ರ ಅವನ್ನಷ್ಟ ಗುರುತು ಹಾಕಿ ಜೆಸಿಬಿ ಕರಸ್ರಿ, ಲೋಡರ್‌ನಿಂದ ಓಡಿ ಬಂದು ಗುದ್ದಬ್ಯಾಡ್ರಿ. ಬಕೆಟ್‌ನ ಒಂದ ಮೂಲಿಯಿಂದ ಗುದ್ದಿದ್ರ ಆರ್ಮ್ ತಿರುಚತೈತಿ, ಲೋಡರ್ ಬ್ರಾಕೆಟ್ ಬರೇ ಕ್ಲಚ್ ಹೌಸಿಂಗ್‌ಗೆ ಕೂಡ್ರಿಸಿದ್ರ ಆ ಹೌಸಿಂಗ್ ಬಿರಿಯೂ ಸಾಧ್ಯತಾ ಇರತೈತಿ. ಹಿಂದಿನ ಆಕ್ಸಲ್ ತನಕ ಫ್ರೇಮ್ ಐತೋ ಇಲ್ಲೋ ಇವತ್ತ ಬಗ್ಗಿ ನೋಡ್ರಿ.

ರೇಕ್ ಅಂದ್ರ ತಳ ಇಲ್ಲದ್ದು, ಉದ್ದ ಹಲ್ಲಷ್ಟ, ನಡುವ 6 ರಿಂದ 8 ಇಂಚು ಸಂದು. ಕಿತ್ತ ಕಂಟಿ ಗುಂಪಿ ಹಾಕಾಕ ಇದಕ್ಕಿಂತ ಛಲೋದು ಇಲ್ಲ, ಮಣ್ಣು ಸಂದಿಯೊಳಗ ಉದರತೈತಿ. ನಾ ಎರಡನೇ ವರ್ಷ ಇದನ್ನ ಮಾಡಿಸಿದೆ.

ಇನ್ನ ಗ್ರ್ಯಾಪಲ್. ಕೆಲಸ ಭಾಳ ಛಂದ ಮಾಡತೈತಿ, ಮ್ಯಾಲಿನ ದವಡಿ ಹಿಡದು ಮುಳ್ಳಿನ ಗುಂಪಿನ ಟ್ರೇಲರ್‌ಗೆ ಎತ್ತಿ ಹಾಕತೈತಿ, ಮನುಷ್ಯಾ ಮುಟ್ಟೂದ ಬೇಕಾಗಿಲ್ಲ. ಆದ್ರ ಆ ದವಡಿಗೆ ಬ್ಯಾರೆ ಹೈಡ್ರಾಲಿಕ್ ಲೈನ್ ಬೇಕು, ಎತ್ತಾಕ ಒಂದು, ಮಡಚಾಕ ಒಂದು, ಇದು ಮೂರನೇದು. ನಿಮ್ಮ ಟ್ರ್ಯಾಕ್ಟರ್‌ಗೆ ಹಿಂದ ಡಬಲ್ ಆಕ್ಟಿಂಗ್ ವಾಲ್ವ್ (ಎರಡೂ ಕಡೆ ಎಣ್ಣಿ ಒತ್ತೂದು) ಇದ್ರ ಪೈಪ್ ಮುಂದಕ್ಕ ತರಬಹುದು, ಇಲ್ಲಂದ್ರ ವಾಲ್ವ್ ಖರ್ಚೂ ಸೇರಸ್ರಿ. ತೂಕಾನೂ ನೋಡ್ರಿ. ನಿಮ್ಮ ಲೋಡರ್ 900 ಕೆಜಿ ಎತ್ತತೈತಿ ಅಂತ ಇಟಗೋರಿ, ಗ್ರ್ಯಾಪಲ್‌ದ 250 ಕೆಜಿ ಇದ್ರ ಉಳಿಯೂದು 650, ಅದೂ ತೋಳಿಗೆ ಬಕೆಟ್ ಕೂಡ್ರಸೂ ಪಿನ್ ಹತ್ರದ ಲೆಕ್ಕ, ಭಾರ ಮುಂದ ಮುಂದ ಹೋದಂಗ ಇನ್ನೂ ಕಡಿಮಿ ಆಗತೈತಿ. 4 ಎಕರೆ ಒಂದ ಸಲ ತೆಗಿಯಾಕ ಇಷ್ಟು ರೊಕ್ಕ ಹಾಕೂದು ನನಗ ಸರಿ ಅನಸೂದಿಲ್ಲ, ಬ್ಯಾರೆಯವರ ಹೊಲಕ್ಕ ಬಾಡಗಿ ಹೊಡಿಯೂ ವಿಚಾರ ಇದ್ರ ತಗೋರಿ.

ಯಾವದ ಹಾಕ್ರಿ, ಹಿಂದ ಭಾರ ಇಲ್ಲದ ಹೊಲಕ್ಕ ಇಳಿಬ್ಯಾಡ್ರಿ. ಪ್ಲೌ ಇಲ್ಲಾ ರೋಟವೇಟರ್ ಹಿಂದ ಎತ್ತಿಕೊಂಡಿರ್ರಿ, ಹಿಂದಿನ ಟೈರಿಗೆ ನೀರೂ ತುಂಬಸ್ರಿ. ಬಕೆಟ್ ತುಂಬಿದಾಗ ಹಿಂದಿನ ಗಾಲಿ ಹಗುರಾಗಿ ಎದ್ರ ಬದುವಿನ ಇಳಕಲಿನ್ಯಾಗ ಟ್ರ್ಯಾಕ್ಟರ್ ಮಗಚಾಕ ಒಂದ ಕ್ಷಣ ಸಾಕ್ರಿ. ತುಂಬಿದ ಬಕೆಟ್ ಮೊಳಕಾಲಿನ ಮ್ಯಾಲ ಎತ್ತಿ ಓಡಸಬ್ಯಾಡ್ರಿ. ಸರಪಳಿ ಹಾಕಿ ಎಳಿಯೂದಿದ್ರ ಹಿಂದ ಕೆಳಗಿನ ಡ್ರಾಬಾರ್‌ಗೇ ಕಟ್ರಿ, ಮ್ಯಾಲಿನ ಟಾಪ್ ಲಿಂಕ್‌ಗೆ ಕಟ್ಟಿದ್ರ ಮುಂದಿನ ಗಾಲಿ ಎದ್ದು ನಿಮ್ಮ ಮ್ಯಾಲ ಬರತೈತಿ.

ರೇಡಿಯೇಟರ್ ಮುಂದ ಗಟ್ಟಿ ಜಾಳಗಿ ಹಾಕಸ್ರಿ. ಜಾಲಿ ಮುಳ್ಳು ಟೈರಿಗೆ ನೆಡತೈತಿ, ನನಗ ಒಂದ ದಿನದಾಗ ಮುಂದಿನ ಎರಡೂ ಪಂಕ್ಚರ್ ಆಗಿದ್ವು, ಅದಕ್ಕ ಗುಂಪಿ ಹಾಕಕೋತ ತೆಗದ ಜಾಗಾದಾಗ ಅಡ್ಡಾಡ್ರಿ, ಕಡದು ಹರವಿದ ಮ್ಯಾಲ ಹಾಯಿಸಬ್ಯಾಡ್ರಿ.

ಯಾವಾಗ ಅಂದ್ರ, ಒಂದ ಹದ ಮಳಿ ಬಿದ್ದು ಮೂರ್ನಾಕ ದಿನ ಆರಿದ ಮ್ಯಾಲ. ಮಸಾರಿ (ಕೆಂಪು ಮಣ್ಣು) ಇದ್ರ ಸ್ವಲ್ಪ ಬೇಗ ಇಳಿಬಹುದು, ಎರಿ ಹಸಿ ಇದ್ದಾಗ ಇಳದ್ರ ಗಾಲಿಗೆ ಮೆತ್ತಕೊಂಡು ನೆಲ ಒತ್ತಿ ಹಾಳಾಗತೈತಿ, ಬಿರುಬ್ಯಾಸಗ್ಯಾಗ ಹಲ್ಲು ಇಳಿಯೂದಿಲ್ಲ.

ಕಿತ್ತ ಮ್ಯಾಲ ಒಮ್ಮೆ ಆಳಾಗಿ ಪ್ಲೌ ಹೊಡದು ಉಳಿದ ಬೇರು ಆರಸ್ರಿ. ಕಾಯಿ ತಿಂದ ಆಡು, ದನಾ ಆ ಹೊಲದಾಗ ಬಿಟ್ರ ಸಗಣಿ ಹಿಕ್ಕಿಯೊಳಗ ಬೀಜ ಮತ್ತ ಬೀಳತಾವ, ಸಸಿ ಎದ್ದದ್ದು ಕಂಡ ಕೂಡ್ಲೇ ಕೈಯಿಂದ ಕೀಳ್ರಿ, ಗೇಣುದ್ದ ಇದ್ದಾಗ ಸಲೀಸ ಬರತೈತಿ. ಲೋಡರ್ ಬ್ರಾಕೆಟ್ ಫೋಟೋ ಹಾಕ್ರಿ, ನೋಡಿ ಹೇಳತೀನಿ.