ಊರಲ್ಲಿ ಗುಡ್ಡ ಜಾರಿದಾಗ ದೂರ ಇರುವವರು ಏನು ಮಾಡಬಹುದು?

ಪ್ರಶ್ನೆ: ನಮ್ಮೂರು ಮಡಿಕೇರಿ ಹತ್ತಿರ, ಮಕ್ಕಂದೂರು ಕಡೆ. ಹನ್ನೆರಡು ವರ್ಷದಿಂದ ಕೆನಡಾದಲ್ಲಿದ್ದೇನೆ, ಈಗ ಪಾಸ್‌ಪೋರ್ಟ್ ಕೂಡ ಇಲ್ಲಿಯದೇ. 2018ರ ಆಗಸ್ಟ್‌ನಲ್ಲಿ ದೊಡ್ಡಪ್ಪನ ತೋಟ ಜಾರಿ ಹೋಯಿತು. ಆಗ ಗೆಳೆಯರೆಲ್ಲ ಸೇರಿ ನಾಲ್ಕು ಪೆಟ್ಟಿಗೆ ಬಟ್ಟೆ ಕಳಿಸಿದ್ದೆವು, ಯಾರಿಗೆ ಸೇರಿತೋ ಗೊತ್ತಿಲ್ಲ. ಈಗ ಪ್ರತಿ ಮಳೆಗಾಲವೂ ಫೋನ್ ಹಿಡಿದುಕೊಂಡೇ ಕೂತಿರುತ್ತೇನೆ. ಅಮ್ಮ "ಏನೂ ಆಗಿಲ್ಲ" ಅನ್ನುತ್ತಾರೆ, ನಾನು "ಅದನ್ನೆಲ್ಲ ಬಿಟ್ಟು ಮೈಸೂರಿಗೆ ಹೋಗಿ" ಅಂತ ಜಗಳ ಆಡುತ್ತೇನೆ. ಮತ್ತೆ ಹಾಗೇನಾದರೂ ಆದರೆ ಏನು ಮಾಡಲಿ?

ಉತ್ತರ: ಮೊದಲು ಬಟ್ಟೆ ವಿಷಯ ಮುಗಿಸಿಬಿಡೋಣ. ಆ ವರ್ಷ ಮಡಿಕೇರಿಯ ಒಂದು ಗಂಜಿ ಕೇಂದ್ರದಲ್ಲಿ ನಾನು ಹನ್ನೊಂದು ದಿನ ಇದ್ದೆ. ಮೂರನೇ ದಿನಕ್ಕೇ ಒಂದು ಕೋಣೆ ಪೂರ್ತಿ ಬಟ್ಟೆ. ಒದ್ದೆಯಾಗಿ ಮುಗ್ಗಲು ವಾಸನೆ ಬೇರೆ. ಹುಕ್ಕು ಕಿತ್ತ ರವಿಕೆ, ಜೊತೆಯಿಲ್ಲದ ಒಂಟಿ ಶೂ, ಯಾರದೋ ಮದುವೆಯ ಶೆರ್ವಾನಿ ಕೂಡ ಇತ್ತು. ಒಬ್ಬ ಅಜ್ಜಿ ಒಂದು ಸೀರೆ ಬಿಡಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಅಂಚಿಗೆ ಅಂಚು ಸೇರಿಸಿ ಮಡಚಿಟ್ಟರು. "ನಮ್ಮನೇಲಿ ನೆಲ ಒರೆಸೋ ಬಟ್ಟೆ ಇದಕ್ಕಿಂತ ಚೆನ್ನಾಗಿತ್ತು ಮಗಾ" ಅಂದರು. ಸಿಟ್ಟಿನಿಂದಲ್ಲ, ಸುಮ್ನೆ ಹೇಳಿದ್ದು. ಹಿಂದಿನ ವಾರದವರೆಗೂ ಮನೆಗೆ ಬಂದವರಿಗೆಲ್ಲ ಕಾಫಿ ಕೊಟ್ಟು ಕಳಿಸುತ್ತಿದ್ದ ತೋಟದ ಮನೆಯವರು ಅವರು.

ಅದೇ ಹೊತ್ತಿಗೆ ಅಲ್ಲಿ ಸಿಗದೇ ಇದ್ದದ್ದು ಒಳಉಡುಪು, ಪ್ಯಾಡ್, ಬಿಪಿ-ಶುಗರ್ ಮಾತ್ರೆ, ಓದುವ ಕನ್ನಡಕ. ಇವನ್ನು ಕೆನಡಾದಿಂದ ಕಳಿಸೋಕೆ ಆಗಲ್ಲ. ಊರ ಹತ್ತಿರ ನಿಮ್ಮ ಅಕ್ಕನೋ ತಮ್ಮನೋ ಇದ್ದರೆ ಅವರಿಗೆ ದುಡ್ಡು ಹಾಕಿ, ಕುಶಾಲನಗರದ ಅಂಗಡಿಯಿಂದ ಅದೇ ದಿನ ತಂದುಕೊಡುತ್ತಾರೆ. ಮಳೆಗೆ ವ್ಯಾಪಾರವಿಲ್ಲದೆ ಕೂತ ಆ ಅಂಗಡಿಯವರಿಗೂ ನಾಲ್ಕು ಕಾಸು ಆಗುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರ. ನಿಮ್ಮದು ಬೇರೆ ದೇಶದ ಪಾಸ್‌ಪೋರ್ಟ್, ಹಾಗಾಗಿ ಊರಿನ ಸಂಘಕ್ಕೆ ನೀವು ಕೊಡುವುದು ವಿದೇಶಿ ದೇಣಿಗೆ ಆಗುತ್ತದೆ. ಆ ಸಂಘಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದಿದ್ದರೆ ಸಿಕ್ಕಿಹಾಕಿಕೊಳ್ಳುವವರು ಅವರು. ಆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. "ಸಂಘದ ದುಡ್ಡನ್ನು ನನ್ನ ಅಕೌಂಟಿಗೇ ಹಾಕಿ" ಅನ್ನುವವರಿಗೆ ಕೈಮುಗಿದು ಬಿಡಿ. ಭಾರತದ ಪಾಸ್‌ಪೋರ್ಟ್ ಇರುವ ಗೆಳೆಯರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಪ್ಪ-ಅಮ್ಮನಿಗೆ, ಒಡಹುಟ್ಟಿದವರಿಗೆ ಕಳಿಸೋದಕ್ಕೂ ಇಷ್ಟು ತಲೆನೋವಿಲ್ಲ. 2022ರಿಂದ ವರ್ಷಕ್ಕೆ 10 ಲಕ್ಷದವರೆಗೆ ಅವರು ಸರ್ಕಾರಕ್ಕೆ ತಿಳಿಸಬೇಕಾಗಿಯೂ ಇಲ್ಲ.

ಆದರೆ ನನ್ನ ಕೇಳಿದರೆ, ನಿಮ್ಮಂಥವರು ನಿಜವಾಗಿ ಬೇಕಾಗುವುದು ಆಗಸ್ಟ್‌ನಲ್ಲಲ್ಲ. ಆಗ ಲಾರಿ ಮೇಲೆ ಲಾರಿ ಬರುತ್ತವೆ. ನವೆಂಬರ್ ಹೊತ್ತಿಗೆ ಯಾರೂ ಇರುವುದಿಲ್ಲ. ಆ ವರ್ಷ ನಮ್ಮ ಸುಗ್ಗಿ ಹಬ್ಬ ಹುತ್ತರಿ ಬಂದಾಗ ಕದಿರು ಕೊಯ್ಯೋಕೆ ಗದ್ದೆಯೇ ಇಲ್ಲದವರಿದ್ದರು, ತಂದ ಕದಿರು ಕಟ್ಟೋಕೆ ಬಾಗಿಲೇ ಇಲ್ಲದವರೂ ಇದ್ದರು. ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡಿನಲ್ಲಿ ಕಟ್ಟಿದ ಹೊಸ ಮನೆಗಳ ಕೀಲಿ ಕೈಗೆ ಬಂದದ್ದು 2020ರಲ್ಲಿ. ಕಾಫಿ ಹೊಸದಾಗಿ ನೆಟ್ಟರೆ ಫಸಲು ಕಾಣೋಕೆ ಮೂರು-ನಾಲ್ಕು ವರ್ಷ, ಅದೂ ಮೇಲ್ಮಣ್ಣು ಉಳಿದಿದ್ದರೆ.

ಇದರ ಜೊತೆಗೆ ಕಾಗದದ ಕಾಟ. ಜಮ್ಮಾ ಜಾಗ, ಅಂದರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ ಜಮೀನು ಆದರೆ, ಆರ್‌ಟಿಸಿಯಲ್ಲಿ (ಪಹಣಿ) ಎಂದೋ ತೀರಿಕೊಂಡ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರೇ ಇರುವುದುಂಟು. ಪರಿಹಾರ ಕೇಳೋಕೆ ಹೋದರೆ ವಂಶವೃಕ್ಷ ತನ್ನಿ, ಕುಟುಂಬದವರ ಒಪ್ಪಿಗೆ ತನ್ನಿ ಅಂತ ಶುರುವಾಗುತ್ತದೆ, ನಾಲ್ಕು ಸಲ ತಾಲ್ಲೂಕು ಕಚೇರಿಗೆ ಅಲೆದ ಮೇಲೆ ನಿಮ್ಮ ದೊಡ್ಡಪ್ಪನ ವಯಸ್ಸಿನವರು "ಹಾಳಾಗಿ ಹೋಗಲಿ" ಅಂತ ಬಿಟ್ಟುಬಿಡುತ್ತಾರೆ. ಇದನ್ನು ನೀವು ಈಗಲೇ, ಬಿಸಿಲು ಇರುವಾಗಲೇ ಹಿಡಿದು ಮಾಡಿಸಿ. ಆಧಾರ್, ಆರ್‌ಟಿಸಿ, ಪಾಸ್‌ಬುಕ್ ಎಲ್ಲದರ ಫೋಟೋ ನಿಮ್ಮ ಹತ್ತಿರ ಇರಲಿ. ಮನೆ, ತೋಟ, ಕೊಟ್ಟಿಗೆ ಈಗ ಹೇಗಿದೆ ಅನ್ನೋದರ ಫೋಟೋ ಕೂಡ. ಒಪ್ಪಿಗೆಗೆ ನಿಮ್ಮ ಸಹಿಯೂ ಬೇಕಿದ್ದರೆ "ಮುಂದಿನ ಸಲ ಬಂದಾಗ" ಅನ್ನಬೇಡಿ.

ಇನ್ನು ಅಮ್ಮ. ಜಗಳ ಬಿಡಿ, ಪ್ಲೀಸ್. 2018 ಕಳೆದು ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಜಾರಿತು, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದಲ್ಲಿ. ಅಪಾಯ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಶೀಟಿನ ಮೇಲೆ ಮಳೆ ಸದ್ದು ಜೋರಾದರೆ ರಾತ್ರಿಯೆಲ್ಲ ಎದ್ದು ಕೂರುವವರು ಅವರೇ ಅಲ್ವಾ? "ಏನೂ ಆಗಿಲ್ಲ" ಅನ್ನೋದು ನಿಮ್ಮ ನಿದ್ದೆ ಕೆಡದಿರಲಿ ಅಂತ. ನೀವು ಕೇಳುವ ಪ್ರಶ್ನೆ ಬದಲಾಯಿಸಿ ನೋಡಿ. ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ, ಬಿರುಕು ಬಿಟ್ಟಿದೆಯಾ? ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾಯಿತಾ? ಮರ ವಾಲಿದೆಯಾ? ಮಳೆ ಜಾಸ್ತಿಯಾದರೆ ಮಲಗೋಕೆ ಯಾರ ಮನೆಗೆ ಹೋಗುತ್ತೀರಿ? ಆ ಮನೆ ಯಾವುದು ಅಂತ ಜೂನ್‌ಗೆ ಮೊದಲೇ ಗೊತ್ತುಮಾಡಿ, ಹಸುವಿಗೂ ಅಲ್ಲಿ ಜಾಗ ಇರಬೇಕು. ಎಷ್ಟೋ ಜನ ಹೊರಡದೆ ಕೂರುವುದು ಮನೆ ಮೇಲಿನ ಆಸೆಗಲ್ಲ, ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗಾಗಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಒಬ್ಬರ ಊರು ಇಂಥ ಜಾಗದಲ್ಲಿದೆ. ಅಲ್ಲಿ ಏನಾದರೂ ಆದ ಸುದ್ದಿ ಬಂದರೆ ಅವರ ಹತ್ತಿರ ಏನು ಮಾತಾಡೋದು ಅಂತ ತೋಚುವುದಿಲ್ಲ.

ಉತ್ತರ: "ನಿಮ್ಮ ಕಡೆಯವರು ಸಿಕ್ಕಿದ್ರಾ ಫೋನಿಗೆ?" ಅಂತ ಕೇಳಿ, ಸಾಕು. ವಿಡಿಯೋ ತೋರಿಸಬೇಡಿ, ಕಾಡು ಕಡಿದದ್ದಕ್ಕೇ ಹೀಗಾಯಿತು ಅನ್ನುವ ಪಾಠ ಅವತ್ತು ಬೇಡ. ಆಮೇಲೆ ಅವರ ಆ ವಾರದ ಕೆಲಸದಲ್ಲಿ ಯಾವುದನ್ನು ನೀವು ಮಾಡಬಹುದು ಅಂತ ನೋಡಿ, "ಇದು ನಾನು ಮಾಡ್ತೀನಿ, ನೀವು ಊರಿಗೆ ಹೊರಡಿ" ಅನ್ನಿ.