ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅದುರುವುದು ಯಾಕೆ?

ಸ್ಪೀಡಿನಲ್ಲಿ ಹೋಗುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಅದುರುತ್ತದೆ, ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿದರೂ ಹೋಗಲಿಲ್ಲ ಅಂತ ಕೇಳಿದ್ದೀರಿ. ಅದರಿಂದ ಹೋಗುವ ತೊಂದರೆ ಅಲ್ಲ ಅದು. ಬ್ಯಾಲೆನ್ಸ್ ತಪ್ಪಿದ ಚಕ್ರ ಬ್ರೇಕ್ ಒತ್ತಿದರೂ ಅದುರಿಸುತ್ತದೆ, ಒತ್ತದಿದ್ದರೂ ಅದುರಿಸುತ್ತದೆ. ನಿಮ್ಮದು ಒತ್ತಿದಾಗ ಮಾತ್ರ. ಹಾಗಾಗಿ ನನ್ನ ಮೊದಲ ಅನುಮಾನ ಮುಂದಿನ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ಮೇಲೆ.

ಗ್ಯಾರೇಜಿನಲ್ಲಿ ಇದಕ್ಕೆ ಡಿಸ್ಕ್ ಬೆಂಡ್ ಆಗಿದೆ ಅಂತಾರೆ. ಬಹಳ ಸಲ ಆಗಿರುವುದು ಬೇರೆ: ಡಿಸ್ಕ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿರುತ್ತದೆ. ದಪ್ಪ ಜಾಗ, ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳ ನಡುವೆ ಬಂದಾಗ ಬ್ರೇಕ್ ಜಾಸ್ತಿ ಹಿಡಿಯುತ್ತದೆ, ತೆಳು ಜಾಗ ಬಂದಾಗ ಸಡಿಲ ಬಿಡುತ್ತದೆ. 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 11–12 ಸುತ್ತು ಸುತ್ತುತ್ತದೆ. ಅಷ್ಟು ಸಲ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಆಗುತ್ತದೆ. ಆ ಎಳೆತವೇ ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡ್ ಮೂಲಕ ನಿಮ್ಮ ಕೈಗೆ ಬರುವುದು. ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಇದ್ದರೂ ಸಾಕು, ಕೈಗೆ ಗೊತ್ತಾಗುತ್ತದೆ. ಅದು ತಲೆಗೂದಲಿಗಿಂತ ತೆಳು. ಕಣ್ಣಲ್ಲಿ ನೋಡಿ "ಡಿಸ್ಕ್ ಚೆನ್ನಾಗಿದೆ" ಅಂತ ಹೇಳಿದರೆ ನಂಬಬೇಡಿ.

ಹೊಸ ಡಿಸ್ಕ್ ಹಾಕಿಸಿದರೆ ಮುಗಿಯಿತಲ್ವಾ ಅಂದರೆ, ಇಲ್ಲ. ಕೆಲವು ತಿಂಗಳು ಚೆನ್ನಾಗಿದ್ದು ಮತ್ತೆ ಶುರುವಾಗುವ ಗಾಡಿಗಳೂ ಇವೆ. ಹಳೇ ಡಿಸ್ಕ್ ತೆಗೆದಾಗ ಅದರ ಹಿಂದಿರುವ ಹಬ್, ಅಂದರೆ ಡಿಸ್ಕ್ ಮತ್ತು ಚಕ್ರ ಕೂರುವ ಭಾಗವನ್ನು ಒಮ್ಮೆ ನೋಡಿ. ನಟ್ ಕೂರುವ ಬೋಲ್ಟುಗಳ ಸುತ್ತ ಕಂದು ತುಕ್ಕು ಪದರ ಪದರವಾಗಿ ಎದ್ದಿರುತ್ತದೆ. ಅದರ ಮೇಲೇ ಹೊಸ ಡಿಸ್ಕ್ ಕೂರಿಸಿದರೆ ಅದು ನೆಟ್ಟಗೆ ಕೂರುವುದಿಲ್ಲ, ತಿರುಗುವಾಗ ಚೂರು ಓಲಾಡುತ್ತದೆ. ಮೊದಲಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಬ್ರೇಕ್ ಒತ್ತದೆ ಓಡಿಸುವಾಗಲೂ ಡಿಸ್ಕಿನ ಅದೇ ಜಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ತಾಗಿ ತಾಗಿ ಸವೆಯುತ್ತದೆ. ಸಾವಿರಾರು ಕಿ.ಮೀ. ಆದಮೇಲೆ ಅದೇ ಹಳೇ ಅದುರು. ವೈರ್ ಬ್ರಶ್ಶಿನಿಂದ ಹಬ್ ಉಜ್ಜಿ ಲೋಹ ಕಾಣುವವರೆಗೆ ಕ್ಲೀನ್ ಮಾಡುವುದು ಹತ್ತು ನಿಮಿಷದ ಕೆಲಸ. ಎಷ್ಟೋ ಕಡೆ ಅದನ್ನೇ ಬಿಟ್ಟುಬಿಡುತ್ತಾರೆ ಅನ್ನೋದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ವೀಲ್ ನಟ್ಟುಗಳನ್ನು ಗಾಳಿ ಗನ್ನಿನಿಂದ ಒಂದೊಂದು ಒಂದೊಂದು ಥರ ಬಿಗಿದರೂ ಡಿಸ್ಕ್ ಹೀಗೇ ಓರೆಯಾಗುತ್ತದೆ. ಎದುರುಬದುರು ನಟ್ಟುಗಳನ್ನು ಸರದಿಯಲ್ಲಿ, ಕೊನೆಗೆ ಬಿಗಿತ (ಟಾರ್ಕ್) ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಎಷ್ಟು ಟಾರ್ಕ್ ಅನ್ನೋದು ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿದ್ದರೂ ಇದೇ ಪಾಡು. ಪ್ಯಾಡ್ ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಬಿಸಿ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ ಮೊದಲು ಆ ಕ್ಯಾಲಿಪರ್ ಬಿಚ್ಚಿಸಿ.

ಅದುರು ಸ್ಟೀರಿಂಗಿಗಿಂತ ಸೀಟಿನಲ್ಲಿ ಜಾಸ್ತಿ ಗೊತ್ತಾದರೆ ಹಿಂದಿನ ಬ್ರೇಕ್ ನೋಡಿಸಿ. ಬ್ರೇಕ್ ಒತ್ತದೆ 80–100ರಲ್ಲಿ ಅದುರಿದರೆ ಬ್ಯಾಲೆನ್ಸ್, ರಿಮ್ ಒಳಗೆ ಅಂಟಿದ ಕೆಸರು, ಇಲ್ಲವೇ ರಿಮ್ ಬೆಂಡ್. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅಂದರೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ತಲುಪಿಸುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಮೇಲೆ ಅನುಮಾನ. ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಟಕಟಕ ಒದ್ದರೆ ಅದು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ, ಹೆದರಬೇಡಿ. ಟೈರ್ ಪಕ್ಕದಲ್ಲಿ ಉಬ್ಬು ಕಂಡರೆ ಮಾತ್ರ ಆ ಟೈರಿನಲ್ಲಿ ಓಡಿಸಬೇಡಿ. ಅದು ಯಾವಾಗ ಬೇಕಾದರೂ ಒಡೆಯಬಹುದು.

ಈಗ ನೀವು ಮಾಡಬೇಕಾದ್ದು: ಡಯಲ್ ಗೇಜ್ ಇರುವ ಗ್ಯಾರೇಜಿಗೆ ಹೋಗಿ ಡಿಸ್ಕ್ ಓಲಾಟವನ್ನೂ, ಮೈಕ್ರೋಮೀಟರಿನಲ್ಲಿ ಅದರ ದಪ್ಪವನ್ನು ಸುತ್ತಲೂ ಏಳೆಂಟು ಕಡೆಯೂ ಅಳೆಸಿ. ಚಕ್ರವನ್ನು ಗಾಡಿಗೆ ಹಿಡಿದಿಡುವ ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್ ಕೂಡ ಅಲ್ಲಾಡಿಸಿ ನೋಡಲು ಹೇಳಿ. ಅವು ಸವೆದಿದ್ದರೆ ಸಣ್ಣ ಅದುರೂ ದೊಡ್ಡದಾಗುತ್ತದೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕು ಅನ್ನೋದನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೇ ಬರೆದಿರುತ್ತಾರೆ. ಲೇತ್‌ನಲ್ಲಿ ಸ್ಕಿಮ್ ಮಾಡಿದ (ಮೇಲ್ಮೈಯನ್ನು ತೆಳ್ಳಗೆ ಕೆತ್ತಿ ಸಮ ಮಾಡಿದ) ಮೇಲೂ ಅದಕ್ಕಿಂತ ಜಾಸ್ತಿ ಉಳಿಯುವುದಾದರೆ ಸ್ಕಿಮ್ ಮಾಡಿಸಿ, ಇಲ್ಲದಿದ್ದರೆ ಎರಡೂ ಕಡೆಯದನ್ನು ಒಟ್ಟಿಗೆ ಬದಲಾಯಿಸಿ. ಎರಡರಲ್ಲಿ ಯಾವುದೇ ಆದರೂ ಪ್ಯಾಡ್ ಹೊಸದು ಹಾಕಿಸಿ, ಮತ್ತೆ ಡಿಸ್ಕ್ ಕೂರಿಸುವ ಮೊದಲು ಹಬ್ ಉಜ್ಜಿದ್ದಾರಾ ಅಂತ ನಿಂತು ನೋಡಿ.