ಐನ್‌ಮನೆ (ಕೊಡಗಿನಲ್ಲಿ ಒಂದು ಮನೆತನದ ಮೂಲ ಮನೆ) ದುರಸ್ತಿಯನ್ನು ‘ಜೀರ್ಣೋದ್ಧಾರ’ ಎನ್ನಬಹುದೇ?

ಧಾರಾಳವಾಗಿ ಎನ್ನಬಹುದು. ಈ ಪದ ದೇವಸ್ಥಾನಕ್ಕೆ ಮಾತ್ರ ಮೀಸಲಲ್ಲ. ಕೆರೆ, ಕಲ್ಯಾಣಿಗಳಿಗೂ ಸಲ್ಲುತ್ತದೆ. ಜೀರ್ಣ ಎಂದರೆ ಸವೆದು ಶಿಥಿಲವಾದದ್ದು, ಉದ್ಧಾರ ಎಂದರೆ ಮೇಲೆತ್ತುವುದು. ಹಾಗಾಗಿ ಎತ್ತಲು ಹಳೆಯದೇನಾದರೂ ಉಳಿದಿರಲೇಬೇಕು. ಕೊಡಗಿನ ಒಂದು ಒಕ್ಕದವರು, ಅಂದರೆ ಒಂದೇ ಮನೆತನದವರು, ಗೆದ್ದಲು ತಿಂದ ತೊಲೆಗಳನ್ನು ಬದಲಿಸಿ, ಕೆತ್ತನೆಯ ಕಂಬಗಳನ್ನೂ ಅವುಗಳ ನಡುವೆ ಕೂರಲು ಹಾಸಿದ ಅಗಲ ಹಲಗೆಯಾದ ಐಮರವನ್ನೂ ಹಾಗೆಯೇ ಉಳಿಸಿಕೊಂಡರೆ ಅದು ಜೀರ್ಣೋದ್ಧಾರ. ಎಲ್ಲವನ್ನೂ ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿದರೆ, ಆಕಾರ ಹಳೆಯದೇ ಆಗಿದ್ದರೂ, ಪುನರ್ನಿರ್ಮಾಣ. ಆಹ್ವಾನ ಪತ್ರಿಕೆಗಳಲ್ಲಿ ಇವೆರಡನ್ನೂ ಬೆರೆಸುವುದು ನನಗೆ ಸರಿ ಕಾಣುವುದಿಲ್ಲ. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಬೇರೆಡೆ ಮನೆ ಕೊಟ್ಟದ್ದು ಪುನರ್ವಸತಿ. ಆ ಪದವನ್ನು ಜನರಿಗೆ ಬಳಸುತ್ತೇವೆ, ಕಟ್ಟಡಕ್ಕಲ್ಲ.